ಕುಂಕುಮದ ಪಟ್ಟಿಯಲ್ಲಿ ಇಲ್ಲದವರು

ಕೊತ್ತಂಬರಿ ಸೊಪ್ಪಿನ ಎಂಟನೆಯ ಕಟ್ಟು ಬಿಚ್ಚಿ, ಹಳದಿ ಎಲೆಯನ್ನು ಮೊರದ ಆ ಬದಿಗೆ, ಒಳ್ಳೆಯದನ್ನು ಈ ಬದಿಗೆ ಹಾಕುತ್ತಿದ್ದೆ. ಅಷ್ಟರಲ್ಲಿ ರಾಚಪ್ಪನವರು ಬಂದು ಲಕೋಟೆಗಳ ದೊಡ್ಡ ಗಂಟನ್ನು ಮೇಜಿನ ಮೇಲೆ ಧಪ್ಪೆಂದು ಇಟ್ಟರು. ಮೊರ ಮಗುಚಿತು. ಹಳದಿ ಎಲೆ, ಹಸಿರು ಎಲೆ ಎಲ್ಲ ಮತ್ತೆ ಒಂದಾದವು.

"ಅಮ್ಮಾರ, ಸೊಪ್ಪು ಬಾಜೂಕಿಡ್ರಿ. ಮೂರು ತಿಂಗಳ ಕೆಲಸ ಹನ್ನೊಂದು ಮಿನಿಟಿನ್ಯಾಗ ಮುಗಿಸಿ ಬಂದೇನಿ."

"ಹೌದಾ? ಉಳಿದ ದಿನ ಎಂತ ಮಾಡ್ತೀರಿ ಮಾರಾಯ್ರೆ?" ಎಂದೆ. ಅವರಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ನಾಸಿಕ್ ರೋಡ್ ಸ್ಟೇಷನ್ನಿನ ಎದುರು ಇರುವ ಈ ಸಸ್ಯಾಹಾರಿ ಹೋಟೆಲು ನಮ್ಮ ಯಜಮಾನರು ಜಯಕರ ರಾಯರು ಹಾಕಿದ್ದು. ಅವರು ಹೋಗಿ ಆರು ವರ್ಷ. ಈಗ ಗಲ್ಲಾಪೆಟ್ಟಿಗೆಯ ಮುಂದೆ ಮಗ ವರುಣ ಕೂರುತ್ತಾನೆ, ಮೂಲೆಯ ಮೇಜಿನಲ್ಲಿ ನಾನು ಸೊಪ್ಪು ಸೋಸುತ್ತೇನೆ. ರಾಚಪ್ಪನವರು ಗದಗದ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು ಏಳು ವರ್ಷ. ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಒಳ್ಳೆಯ ಮನುಷ್ಯ. ತಪ್ಪು ಮಾಡುವಾಗಲೂ ಅರ್ಧ ಮನಸ್ಸಿನಿಂದ ಮಾಡಿದವರಲ್ಲ. ಬ್ಯಾಂಕಿನವರು ಅವರನ್ನು ಮೂರು ದಿನದ ಕಂಪ್ಯೂಟರ್ ತರಬೇತಿಗೆ ಪುಣೆಗೆ ಕಳಿಸಿದ್ದರು. ಮೊದಲ ದಿನ ಹೆಸರು ಬರೆಸಿಕೊಂಡರು, ಮೂರನೆಯ ದಿನ ಸರ್ಟಿಫಿಕೇಟು ಕೊಟ್ಟರು. ಕಲಿತದ್ದೇನಿದ್ದರೂ ನಡುವಿನ ದಿನ. ಆ ಒಂದು ದಿನದ ವಿದ್ಯೆಯನ್ನು ಅವರು ಪೆನ್ ಡ್ರೈವಿನಲ್ಲಿ ತುಂಬಿ, ಪೆನ್ ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿಟ್ಟು, ಕನ್ನಡಕವನ್ನು ಎಲ್ಲೋ ಮರೆತು ಓಡಾಡುತ್ತಿದ್ದರು.

2010ರ ಫೆಬ್ರವರಿ ಕೊನೆಯ ಭಾನುವಾರ ಬಳಗಕ್ಕೆ ಇಪ್ಪತ್ತೈದು ತುಂಬುವ ಸಮಾರಂಭ. ನಾಸಿಕ್, ಔರಂಗಾಬಾದ್ ಎರಡೂ ಊರು ಸೇರಿ ನಾನೂರ ಹನ್ನೆರಡು ಮನೆ. ಮನೆಮನೆಗೂ ಅಂಚೆಯಲ್ಲಿ ಕರೆಯೋಲೆ ಹೋಗಬೇಕು. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ದೀಪ ಬೆಳಗುವವರು, ಶ್ರೀಮತಿ ಕಮಲಾಬಾಯಿ, ಔರಂಗಾಬಾದ್.

ಈ ಬಾಯಿ ನನಗೆ ಅಕ್ಷರ ಕಲಿಸಿದವರು. ಅವರ ಯಜಮಾನರಿಗೆ ಇಲ್ಲಿಯ ಪ್ರೆಸ್ಸಿನಲ್ಲಿ ಕೆಲಸ. ಬಳಗ ಹುಟ್ಟಿದ ವರ್ಷ ಬಾಯಿ ಹೆಂಗಸರಿಗಾಗಿ ರಾತ್ರಿ ಶಾಲೆ ತೆರೆದರು. ನನಗಾಗ ನಲವತ್ತಮೂರು. ಹೋಟೆಲಿನ ಒಲೆ ಆರಿಸಿ ಹೋಗಿ, ಅಆಇಈ ತಿದ್ದಿ ಬರುತ್ತಿದ್ದೆ. ಮುಂದೆ ಅವರ ಯಜಮಾನರು ತೀರಿಕೊಂಡರು. ಮರುವರ್ಷದ ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಬಾಯಿ ಎಂದಿನಂತೆ ಬಂದು ಸಾಲಿನಲ್ಲಿ ಕುಳಿತರು. ಎಲ್ಲರ ಹಣೆಗೆ ಇಡುತ್ತಾ ಬಂದ ತಟ್ಟೆ ಅವರನ್ನು ದಾಟಿ ಪಕ್ಕದವರಿಗೆ ಹೋಯಿತು. ತಟ್ಟೆ ಹಿಡಿದವಳು ನಾನು. ಅದೇ ವರ್ಷ ಅವರು ಔರಂಗಾಬಾದಿನ ತಮ್ಮನ ಮನೆಗೆ ಹೋದರು, ಮತ್ತೆ ಬಳಗದ ಯಾವ ಕೂಟಕ್ಕೂ ಬರಲಿಲ್ಲ. ಹನ್ನೊಂದು ವರ್ಷದಿಂದ ಅವರಿಗೊಂದು ಕಾಗದ ಬರೆಯುತ್ತಿದ್ದೇನೆ. 'ಪೂಜ್ಯ ಬಾಯಿಯವರಿಗೆ' ಎಂಬಲ್ಲಿಯವರೆಗೆ ಆಗಿದೆ.

ಅವರಿಂದಲೇ ದೀಪ ಹಚ್ಚಿಸಬೇಕೆಂದು ಸಭೆಯಲ್ಲಿ ಹೇಳಿದವಳೂ ನಾನೇ. ಬಳಗದ ಕರೆಯೋಲೆ ಹೋಗುವಾಗ ಅದರ ಹಿಂದೆ ಅಡಗಿ ನನ್ನ ಕಾಗದವೂ ಹೋಗಲಿ ಎಂಬ ಲೆಕ್ಕ.

"ಬಾಯಿಯ ಲಕೋಟೆ ಕೊಡಿ ರಾಚಪ್ಪನವರೇ. ಒಂದು ಕಾಗದ ಇಡಲಿಕ್ಕುಂಟು" ಎಂದೆ.

ಇಬ್ಬರೂ ಗಂಟು ಬಿಚ್ಚಿ ಹುಡುಕಿದೆವು. ಇನ್ನೂರ ಎಂಬತ್ತಾರು ಲಕೋಟೆ, ಎಲ್ಲದರ ಮೇಲೂ 'ಶ್ರೀ ಮತ್ತು ಶ್ರೀಮತಿ'. ಬಾಯಿಯದು ಇಲ್ಲ. ಹುಡುಕುತ್ತಾ ಹೋದರೆ ನನ್ನದೂ ಇಲ್ಲ.

"ಮನೆ ನಾನೂರ ಹನ್ನೆರಡಲ್ಲವಾ? ಉಳಿದವರು?"

"ಡುಪ್ಲಿಕೇಟ್ ಇರಬೇಕ್ರಿ. ಕಂಪ್ಯೂಟರ್ ತಗದು ಒಗದೈತಿ."

"ನಾನು ಡುಪ್ಲಿಕೇಟಾ?"

ರಾಚಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗ್ಯಾಕ್ರಿ ಕಾಗದ, ದಿನಾ ಕಣ್ಣ ಮುಂದ ಇರ್ತೀರಿ. ಬಾಯಾರದು ಎರಡನೇ ಗಂಟಿನ್ಯಾಗ ಐತಿ, ಚಿಂತಿ ಬಿಡ್ರಿ." ಎರಡನೆಯ ಗಂಟು ಎಂಬುದು ಹುಟ್ಟಿದ್ದೇ ಆ ಗಳಿಗೆಯಲ್ಲಿ ಎಂದು ಅವರ ಮುಖ ಹೇಳಿತು. ಚಹಾ ಕುಡಿದು, ಗಂಟು ಹೊತ್ತು, ಅಂಚೆ ಕಚೇರಿಗೆ ನಡೆದರು.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಬೆಳಿಗ್ಗೆ ಶ್ರೀನಿಧಿ ತನ್ನ ಮೂವರು ಗೆಳೆಯರ ಜೊತೆ ತಿಂಡಿಗೆ ಬಂದ. ನಾಲ್ವರಿಗೂ ಕೇಂದ್ರ ಸರ್ಕಾರದ ಕೆಲಸ, ನಾಲ್ವರೂ ಒಂದೇ ಕೋಣೆಯಲ್ಲಿ ಇರುವವರು, ನಾಲ್ವರಿಗೂ ಮದುವೆಯಾಗಿಲ್ಲ.

"ಅಮ್ಮಾ, ಹೆಂಡತಿ ಇಲ್ಲದೋರು ಕನ್ನಡಿಗರಲ್ಲೇನ್ರಿ?" ಎಂದ ಶ್ರೀನಿಧಿ. "ಮ್ಯಾಲಿನ ಮನಿಗೆ ಕಾರ್ಡು ಬಂತು, ಎದುರು ಮನಿಗೆ ಬಂತು. ನಮಗಿಲ್ಲ. ಬಳಗದ ಕುರ್ಚಿ ಹೊರಾಕ ಮಾತ್ರ ಬ್ರಹ್ಮಚಾರಿಗಳು ಬೇಕು." ಸಿಟ್ಟಿನಲ್ಲಿ ಎರಡನೆಯ ಮಸಾಲೆ ದೋಸೆ ಹೇಳಿದ.

ಅದು ಮೇಜಿಗೆ ಬರುವ ಮೊದಲೇ ರಿಕ್ಷಾದಿಂದ ದೇವದಾಸರು ಇಳಿದರು. ಪಂಚವಟಿಯಲ್ಲಿ ಹೋಟೆಲು, ಕುಂದಾಪುರದ ಕಡೆಯವರು, ಬಳಗದ ಅಧ್ಯಕ್ಷರು. ಇಳಿದವರು ರಿಕ್ಷಾದವನಿಗೆ ನಿಲ್ಲು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅಷ್ಟು ಕೋಪ.

"ಎಂತದು ವಾರಿಜಕ್ಕ ಇದು! ನಾನು ಅಧ್ಯಕ್ಷ. ನನಗೇ ಕರೆ ಇಲ್ಲ! ನನ್ನ ಭಾಷಣ ಎಷ್ಟು ಗಂಟೆಗೆ ಅಂತ ಪಕ್ಕದ ಮನೆಯವರ ಕಾರ್ಡು ಬೇಡಿ ನೋಡಬೇಕಾಯ್ತು ಮಾರಾಯ್ತಿ. ಅವರು ಕಾರ್ಡು ಕೈಗೆ ಕೊಡ್ಲಿಲ್ಲ, ದೂರದಿಂದ ತೋರ್ಸಿದ್ರು!"

"ಅಂಚೆಯಲ್ಲಿ ತಡ ಆಯ್ತೋ ಏನೋ."

"ಅಂಚೆ ಅಲ್ಲ, ಗದಗ! ಇದು ಗದಗದವರ ಸಂಚು. ಕರಾವಳಿಯವರನ್ನು ಒಬ್ಬೊಬ್ಬರಾಗಿ ತೆಗೀತಾ ಇದ್ದಾರೆ."

"ಶ್ರೀನಿಧಿ ಧಾರವಾಡದವನು, ಅವನಿಗೂ ಬಂದಿಲ್ಲ" ಎಂದೆ.

ದೇವದಾಸರು ಸ್ವಲ್ಪ ಯೋಚಿಸಿ, "ಅದು ಸಂಶಯ ಬಾರದ ಹಾಗೆ ಮಾಡಿದ್ದು" ಎಂದರು.

ಮಧ್ಯಾಹ್ನ ಫೋನು ಬಂತು. ಔರಂಗಾಬಾದಿನಲ್ಲಿ ಹೋಟೆಲು ನಡೆಸುವ ನನ್ನ ಮೈದುನನ ಮಗ ಹರಿದಾಸ. "ದೊಡ್ಡಮ್ಮ, ನಮ್ಮ ಮನೆಗೆ ಕಾರ್ಡು ಬಂತು. ಕಮಲಾಬಾಯಿ ಬಂದಿದ್ದರು, ತೋರಿಸಿದೆ. ತಮ್ಮ ಹೆಸರನ್ನು ಎರಡು ಸಲ ಓದಿದರು. ನಿಮಗೆ ಬಂತಾ ಎಂದು ಕೇಳಿದೆ. ಇಲ್ಲ ಅಂದರು."

"ಮತ್ತೆ?"

"'ಬ್ಯಾರೆ ಯಾರೋ ಕಮಲಾಬಾಯಿ ಇರಬೇಕಪಾ' ಅಂದರು. ಚಹಾ ಮುಟ್ಟಲಿಲ್ಲ. ಎದ್ದು ಹೋದರು."

ಫೋನು ಇಟ್ಟ ಮೇಲೆ ನಾನು ಸೊಪ್ಪು ಮುಟ್ಟಲಿಲ್ಲ. ರಾಚಪ್ಪನವರಿಗೆ ಹೇಳಿ ಕಳಿಸಿದೆ.

ಅವರು ಬರುವ ಹೊತ್ತಿಗೆ ಸೊಸೆ ರುಚಿತಾ ಕಾಲೇಜಿನಿಂದ ಬಂದಿದ್ದಳು. ಪಿಂಪಳಗಾಂವ್ ಬಸವಂತದ ಮರಾಠಿ ಹುಡುಗಿ, ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಮದುವೆಯಾಗಿ ಹತ್ತು ವರ್ಷದಲ್ಲಿ ಕನ್ನಡ ಕಲಿತಿದ್ದಾಳೆ, ಆದರೆ ಎಲ್ಲಿ ಕನ್ನಡ ನಿಂತು ಮರಾಠಿ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲ.

"ರಾಚಪ್ಪ ಕಾಕಾ, ಎರಡು ಪಟ್ಟಿ ಜೋಡಿಸಿದ್ರಿ ಅಂತೀರಿ. ಯಾವ ಯಾವ?"

"ಒಂದು ಮೆಂಬರ್ ಲಿಸ್ಟ್. ಅದರಾಗ ಮನಿ ನಂಬರು, ಯಜಮಾನರ ಹೆಸರು, ಅಡ್ರೆಸ್ಸು ಅದಾವ. 'ಶ್ರೀ ಮತ್ತು ಶ್ರೀಮತಿ' ಅಂತ ಬರೀಬೇಕಂದ್ರ ಹೆಣಮಕ್ಕಳ ಹೆಸರು ಬೇಕಲ್ಲ? ಅದಕ್ಕ ಗೋದಾವರಿ ಅಮ್ಮಾರ ಲೇಡೀಸ್ ಲಿಸ್ಟ್ ತಗೊಂಡೆ."

"ಲೇಡೀಸ್ ಲಿಸ್ಟ್ ಅಂದ್ರೆ?"

"ಈ ಸಂಕ್ರಾಂತಿ ಹಳದಿ ಕುಂಕುಮದ ಲಿಸ್ಟ್ ರೀ."

ರುಚಿತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಕುಂಕುಮದ ಪಟ್ಟಿಯಲ್ಲಿ ಮುತ್ತೈದೆಯರ ಹೆಸರು ಮಾತ್ರ ಇರುತ್ತದೆ. ಆ ಪಟ್ಟಿ ಬರೆಯುವ ಗೋದಾವರಿ ದೇವದಾಸರ ಹೆಂಡತಿ. ಈ ಸಂಕ್ರಾಂತಿಗೆ ಅವಳು ಮಗಳ ಬಾಣಂತನಕ್ಕೆಂದು ಕುಂದಾಪುರದಲ್ಲಿದ್ದಳು, ಪಟ್ಟಿ ಬೇರೆಯವರು ಬರೆದರು, ಅವಳ ಹೆಸರು ಅದರಲ್ಲಿಲ್ಲ. ಅಧ್ಯಕ್ಷರು ಬಿದ್ದುಹೋದದ್ದು ಹಾಗೆ. ಶ್ರೀನಿಧಿಗೆ ಹೆಂಡತಿಯೇ ಇಲ್ಲ. ನನಗೂ ಬಾಯಿಗೂ ಆಗಿದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಎರಡೂ ಪಟ್ಟಿಯಲ್ಲಿ ಇದ್ದವರು ಮಾತ್ರ ಉಳಿದ್ರು ಕಾಕಾ. ಒಂದರಲ್ಲಿ ಇಲ್ಲ ಅಂದ್ರೆ ಖಲ್ಲಾಸ್" ಎಂದಳು ರುಚಿತಾ. "ನೀವು ಮಾಡಬೇಕಾಗಿದ್ದು ಔಟರ್ ಜಾಯಿನ್. ಮೆಂಬರ್ ಪಟ್ಟಿಯ ಎಲ್ಲರೂ ಇರಲೇಬೇಕು. ಆ ಕಡೆ ಹೆಸರು ಸಿಕ್ಕರೆ ಬರೀರಿ, ಸಿಗದಿದ್ದರೆ ಆ ಜಾಗ ಖಾಲಿ ಬಿಡಿ. ಮನುಷ್ಯನನ್ನೇ ತೆಗೀಬೇಡಿ."

ರಾಚಪ್ಪನವರು ತಲೆಯಾಡಿಸಿದರು. ಅರ್ಥವಾಗದಿದ್ದಾಗ ಅವರು ಹೆಚ್ಚು ಜೋರಾಗಿ ಆಡಿಸುತ್ತಾರೆ. ನಾನು ಹೇಳಿದೆ, "ಪಂಕ್ತಿಯಲ್ಲಿ ನಲವತ್ತು ಎಲೆ ಹಾಕಿದ್ದೀರಿ. ಉಪ್ಪಿನಕಾಯಿ ಇಪ್ಪತ್ತೆಂಟಕ್ಕೆ ಮಾತ್ರ ಬಂತು. ಉಳಿದ ಹನ್ನೆರಡು ಮಂದಿಯ ಎಲೆ ಎತ್ತಿ, ಏಳಿ ಹೊರಗೆ ಅಂದದ್ದು ನೀವು. ಎಲೆ ಇರಲಿ, ಉಪ್ಪಿನಕಾಯಿಯ ಮೂಲೆ ಖಾಲಿ ಇರಲಿ ಅಂತಾಳೆ ಇವಳು."

"ಹಿಂಗ ಹೇಳ್ರಿ ಮತ್ತ! ಪುಣೇದಾಗ ಯಾರೂ ಉಪ್ಪಿನಕಾಯಿ ಹಾಕಿ ಹೇಳಲಿಲ್ಲ ನೋಡ್ರಿ" ಎಂದು ಅವರು ಹುರುಪಿನಿಂದ ಎದ್ದರು.

"ಹನ್ನೊಂದು ನಿಮಿಷ ಯಾಕೆ ಬೇಕಾಯ್ತು ಕಾಕಾ?" ರುಚಿತಾ ಕೇಳಿದಳು.

"ಒಂದೊಂದು ಮನಿಗೂ ಲೇಡೀಸ್ ಲಿಸ್ಟ್ ಮೊದಲಿಂದ ಕಡೀತನಕ ಓದು ಅಂತ ಹೇಳಿದ್ದೆ. ಒಂದು ಪ್ರಶ್ನಿ ಹೊಟ್ಟ್ಯಾಗ ಇನ್ನೊಂದು ಪ್ರಶ್ನಿ."

"ಅಂದರೆ ಒಬ್ಬೊಬ್ಬ ಗಿರಾಕಿಗೂ ಉಗ್ರಾಣಕ್ಕೆ ಓಡಿ, ಎಲ್ಲ ಭರಣಿ ಮುಚ್ಚಳ ತೆಗೆದು ನೋಡಿ, ಮತ್ತೆ ಓಡಿ ಬಂದ ಹಾಗೆ" ಎಂದೆ. ಬಳಗದ ಹಳೆಯ ಕಂಪ್ಯೂಟರಿನ ಮೇಲೆ ನನಗೆ ಮರುಕ ಹುಟ್ಟಿತು.

"ಎಲ್ಲ ಒಂದೇ ಸಲ ಜೋಡಿಸಿ ಕಾಕಾ, ಬೇಗ ಆಗುತ್ತೆ" ಎಂದು ಹೇಳಿ, ರುಚಿತಾ ಚಿಕ್ಕಪ್ಪನ ಮಗಳ ಮದುವೆಗೆಂದು ಮೂರು ದಿನ ತವರಿಗೆ ಹೋದಳು. ಆ ಮೂರು ದಿನ ಬಳಗದ ಚರಿತ್ರೆಯಲ್ಲಿ ಮರೆಯಲಾಗದ್ದು.

ಎರಡನೆಯ ದಿನ ರಾಚಪ್ಪನವರ ಫೋನು. "ಅಮ್ಮಾರ, ಔಟರ್ ಜಾಯಿನ್ ಮಾಡಿದೆ. ಹನ್ನೊಂದು ಮಿನಿಟಿಲ್ಲ, ಮೂರು ಸೆಕೆಂಡ್! ಅಂಚಿಗೂ ಹಾಕಿ ಬಂದೆ."

"ಬಾಯಿಯದು ಹೋಯಿತಾ?"

"ಎಲ್ಲಾರದೂ ಹೋತ್ರಿ. ಎಲ್ಲಾ ಅಂದಮ್ಯಾಲೆ ಬಾಯಾರು ಬರ್ಲಿಲ್ಲೇನು?"

ನನ್ನ ಕಾಗದ ಒಳಗಿಡುವ ಅವಕಾಶ ಹೋಯಿತು. ನಿಜ ಹೇಳಬೇಕೆಂದರೆ, ಸ್ವಲ್ಪ ನೆಮ್ಮದಿಯೂ ಆಯಿತು.

ಮರುದಿನದಿಂದ ಮೊದಲು ಕಾರ್ಡು ಬಂದವರ ಮನೆಗೇ ಎರಡನೆಯ ಕಾರ್ಡು ಬರತೊಡಗಿತು. ಎರಡನೆಯದು ಅತ್ತೆಗೆ ಎಂದು ಕೆಲವರು ತಿಳಿದರು. ಒಬ್ಬರು ಸಮಾರಂಭವೇ ಎರಡು ಎಂದುಕೊಂಡು ಊರಿಂದ ನೆಂಟರನ್ನು ಕರೆಸಿದರು. ದೇವದಾಸರ ಪಕ್ಕದ ಮನೆಯವರಿಗೆ ಎರಡಾಯಿತು, ದೇವದಾಸರಿಗೆ ಸೊನ್ನೆ. "ಒಂದನ್ನು ನಾವು ಕೊಡಬಹುದು ಅಂತ ಆ ಹೆಂಗಸು ಊರಲ್ಲಿರುವ ಗೋದಾವರಿಗೆ ಫೋನು ಮಾಡಿ ಹೇಳಿದಳಂತೆ! ಹಳೇ ಸೀರೆ ಕೊಟ್ಟ ಹಾಗೆ!" ಎಂದು ಅವರು ಫೋನಿನಲ್ಲಿ ಗುಡುಗಿದರು. ಹರಿದಾಸನಿಗೂ ಎರಡನೆಯದು ಬಂತು. ಈ ಸಲ ಅವನು ಅದನ್ನು ಬಾಯಿಗೆ ತೋರಿಸಲಿಲ್ಲ, ಡ್ರಾಯರಿಗೆ ಹಾಕಿ ಬೀಗ ಹಾಕಿದ.

ರುಚಿತಾ ಬಂದವಳೇ ರಾಚಪ್ಪನವರು ಪ್ರಶ್ನೆ ಬರೆದ ಕಾಗದ ನೋಡಿ ಹಣೆ ಬಡಿದುಕೊಂಡಳು. "ಅರೇ ದೇವಾ! ಕೊನೆಯಲ್ಲಿ ಇದೇನು ಬರೆದಿದ್ದೀರಿ?"

"ವರ್ಗಾ ಆಗಿ ಹೋದೋರಿಗೆ ಸುಮ್ಮನ ಯಾಕ ಅಂತ, ಊರು ನಾಸಿಕ್ ಇಲ್ಲಾ ಔರಂಗಾಬಾದ್ ಇದ್ದೋರು ಮಾತ್ರ ಅಂತ ಬರದೆ."

"ಯಾರ ಊರು? ಮೆಂಬರ್ ಪಟ್ಟಿಯ ಊರಲ್ಲ, ಕುಂಕುಮದ ಪಟ್ಟಿಯ ಊರು ಕೇಳಿದ್ದೀರಿ. ಅತ್ತೆಯವರ ಸಾಲಿನಲ್ಲಿ ಆ ಕಡೆ ಪೂರ್ತಿ ಖಾಲಿ. ಖಾಲಿ ಅಂದ್ರೆ ನಾಸಿಕ್ಕೂ ಅಲ್ಲ, ಔರಂಗಾಬಾದೂ ಅಲ್ಲ. ಎಲ್ಲರೂ ಮತ್ತೆ ಬಿದ್ದರು."

"ಮತ್ತ ಮೂರೇ ಸೆಕೆಂಡಿನ್ಯಾಗ ಹೆಂಗ ಆತು?"

ಅದಕ್ಕೆ ಅವಳು ಹೇಳಿದ್ದು ನನಗೆ ಬಹಳ ಹಿಡಿಸಿತು. ಕಂಪ್ಯೂಟರಿನ ಒಳಗೆ ಪ್ಲಾನರ್ ಎಂಬುದೊಂದು ಇರುತ್ತದಂತೆ. ಕೆಲಸ ಶುರು ಮಾಡುವ ಮೊದಲು ಪ್ರಶ್ನೆಯನ್ನು ಪೂರ್ತಿ ಓದಿ, ಕಡಿಮೆ ದುಡಿಮೆಯಲ್ಲಿ ಅದೇ ಉತ್ತರ ಹೇಗೆ ಬಂದೀತು ಎಂದು ಯೋಚಿಸುವುದೇ ಅದರ ಉದ್ಯೋಗ. ನಮ್ಮ ಹೋಟೆಲಿನ ಹಿರಿಯ ಸಪ್ಲಾಯರ್ ದತ್ತು ಹಾಗೆಯೇ. ನಲವತ್ತು ಎಲೆ ಹಾಕು, ಆಮೇಲೆ ಉಪ್ಪಿನಕಾಯಿ ಇಲ್ಲದ್ದನ್ನು ಎತ್ತಿಬಿಡು ಎಂದರೆ ಅವನು ಇಪ್ಪತ್ತೆಂಟೇ ಹಾಕುತ್ತಾನೆ. ಎತ್ತುವುದನ್ನು ಯಾಕೆ ಹಾಕಬೇಕು? ಮೊದಲ ಸಾಲಿನಲ್ಲಿ ರಾಚಪ್ಪನವರು ಎಲ್ಲರನ್ನೂ ಕೂರಿಸು ಎಂದರು, ಕೊನೆಯ ಸಾಲಿನಲ್ಲಿ ಖಾಲಿಯವರನ್ನು ಎಬ್ಬಿಸು ಎಂದರು. ಪ್ಲಾನರ್ ಎರಡನ್ನೂ ಓದಿ, ಕೂರಿಸುವ ಕೆಲಸವನ್ನೇ ಬಿಟ್ಟಿತು. ಅದು ತಪ್ಪು ಮಾಡಲಿಲ್ಲ. ನಾವು ಕೇಳಿದ್ದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು.

"ಅಲ್ರಿ, ಇಷ್ಟು ಶಾಣ್ಯಾ ಇದ್ದದ್ದು, 'ರಾಚಪ್ಪಾ, ಮಂದಿ ಬೀಳಾಕ ಹತ್ಯಾರ' ಅಂತ ಒಂದು ಮಾತು ಹೇಳಬಾರದಾ?" ಎಂದು ರಾಚಪ್ಪನವರು ನೊಂದುಕೊಂಡರು.

ಸಮಾರಂಭಕ್ಕೆ ಹತ್ತು ದಿನ ಇರುವಾಗ ನಮ್ಮ ಹೋಟೆಲಿನ ಮಾಳಿಗೆಯಲ್ಲಿ ತುರ್ತು ಸಭೆ. ಹದಿನಾಲ್ಕು ಮಂದಿ. ಗೋದಾವರಿ ಕುಂದಾಪುರದಿಂದ ಬಂದಿದ್ದಳು. ಶ್ರೀನಿಧಿ ಮೂವರು ಗೆಳೆಯರ ಜೊತೆ ಬಾಗಿಲ ಬಳಿ ನಿಂತಿದ್ದ, ಕುರ್ಚಿ ಕೊಟ್ಟರೂ ಕೂರಲಿಲ್ಲ. ಕರೆಯದವನು ಕೂರುವುದು ಹೇಗೆ ಎಂದು ಕೇಳಿದ. ಬಳಗದ ಕಂಪ್ಯೂಟರನ್ನೂ ಹೊರಿಸಿ ತಂದಿದ್ದ ರಾಚಪ್ಪನವರು ಮಾತ್ರ ಮದುಮಗನಂತೆ ಕಳೆಯಾಗಿದ್ದರು.

"ಹೊಸಾ ಉಪಾಯ ಮಾಡೇನಿ. ಜೋಡಸೋದ ಬ್ಯಾಡ. ಸೀದಾ ಕೇಳಿದೆ: ಕಳಿಸಿದ ಲಕೋಟೆಗಳ ಪಟ್ಟಿಯೊಳಗ ಯಾರ ಮನಿ ನಂಬರು ಇಲ್ಲ, ಅವರ ಹೆಸರು ಕೊಡು ಅಂತ. ಉಳಿದೋರು ಎಲ್ಲಾ ಸಿಕ್ಕರು ಅಂತ ತಿಳೀರಿ!" ಕಾಗದ ತೆಗೆದು, ಕನ್ನಡಕ ಹುಡುಕಿ, ಸಿಗದೆ, ಗೋದಾವರಿಯ ಕನ್ನಡಕ ಇಸಿದುಕೊಂಡು ಓದಿದರು. "ಯಾರೂ ಉಳದಿಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ನಿಲ್ಲಿಸಿದರು.

"ಯಾರೂ ಅಂದರೆ?" ದೇವದಾಸರು ಎದ್ದು ನಿಂತರು. "ನನಗೆ ಬಂದಿಲ್ಲ. ವಾರಿಜಕ್ಕನಿಗೆ ಬಂದಿಲ್ಲ. ಅಲ್ಲಿ ನಾಲ್ಕು ಹುಡುಗರು ನಿಂತಿದ್ದಾರೆ. ನಾವೆಲ್ಲ ಯಾರು?"

ರಾಚಪ್ಪನವರು ಕಾಗದ ತಿರುಗಿಸಿ ನೋಡಿದರು. "ಕಂಪ್ಯೂಟರ್ ಪ್ರಕಾರ ನಿಮಗ ಮುಟ್ಟಿರಬೇಕ್ರಿ."

"ಮುಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು!"

"ನೀವು ಮರತಿರಬೇಕು."

ಹಾಗಾದರೆ ಕದ್ದದ್ದು ಅಂಚೆಯವರೇ ಎಂದು ಹಿಂದಿನಿಂದ ಯಾರೋ ಎಂದರು. ನೋಡನೋಡುತ್ತ ಸಭೆ ಎರಡಾಯಿತು. ಅಂಚೆ ಕಚೇರಿಗೆ ಮೆರವಣಿಗೆ ಹೋಗಬೇಕೆಂದು ಒಂದು ಪಂಗಡ, ಗದಗಕ್ಕೆ ಹೋಗಬೇಕೆಂದು ಇನ್ನೊಂದು. ಈ ಗಲಾಟೆಯ ನಡುವೆ ರುಚಿತಾ ಸುಮ್ಮನೆ ಹೋಗಿ, ಕಳಿಸಿದ ಲಕೋಟೆಗಳ ಪಟ್ಟಿ ಬಿಡಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಿದ್ದಳು.

"ಕಾಕಾ, ಈ ಸಾಲಿನಲ್ಲಿ ಮನೆ ನಂಬರೇ ಇಲ್ಲವಲ್ಲ?"

ರಾಚಪ್ಪನವರು ಬಗ್ಗಿದರು. "ಹಾಂ, ಅದಾ. ಮೊದಲ ದಿನ ಅಂಚಿ ಹೆಂಗ ಹೋಗತೈತಿ ನೋಡೋಣಂತ ಒಂದು ಖಾಲಿ ಲಕೋಟಿ ನಮ್ಮ ಮನಿಗೇ ಹಾಕಿದ್ದೆ. ನಂಬರು ಬರೀಲಿಲ್ಲ. ಒಂದು ಸಾಲಿಂದ ಏನಾಗತೈತ್ರಿ?"

"ಆ ಒಂದು ಸಾಲಿಂದಲೇ ಆಯಿತು."

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಕಮಲಾಬಾಯಿಯ ಲಕೋಟೆ ಕಳಿಸಿದವುಗಳಲ್ಲಿ ಇಲ್ಲ ತಾನೇ ಎಂದು ಯಂತ್ರವನ್ನು ಕೇಳಿದರೆ, ಅದು ಪಟ್ಟಿಯನ್ನೆಲ್ಲ ನೋಡುತ್ತದೆ. ನಂಬರಿಲ್ಲದ ಆ ಲಕೋಟೆ ಎದುರಾಗುತ್ತದೆ. ಇದು ಅವರದ್ದೇ ಇದ್ದರೂ ಇರಬಹುದಲ್ಲ? ಹಾಗಾಗಿ ಅದು, ಇಲ್ಲ ಎಂದು ನಾನು ಹೇಳಲಾರೆ ಎನ್ನುತ್ತದೆ. ದೇವದಾಸರ ಬಗ್ಗೆ ಕೇಳಿದರೂ ಅದೇ ಉತ್ತರ, ಶ್ರೀನಿಧಿಯ ಬಗ್ಗೆ ಕೇಳಿದರೂ ಅದೇ. ಖಂಡಿತವಾಗಿ ಇಲ್ಲ ಎನ್ನುವಂಥವರು ಒಬ್ಬರೂ ಸಿಗದೆ, ಕಾಗದ ಖಾಲಿ ಬಂತು.

ಅಂದರೆ ಯಂತ್ರ ಹೇಳಿದ್ದು ಗೊತ್ತಿಲ್ಲ ಎಂದು. ನಾವು ಓದಿದ್ದು ಯಾರೂ ಇಲ್ಲ ಎಂದು. ಈ ತಪ್ಪಿಗೆ ಕಂಪ್ಯೂಟರೇ ಬೇಕೆಂದಿಲ್ಲ. ಅಂದು ಬಾಯಿಯ ಮುಂದೆ ತಟ್ಟೆ ಹಿಡಿದು ನಿಂತಾಗ, ಅವರಿಗೆ ಕುಂಕುಮ ಬೇಕೋ ಬೇಡವೋ ನನಗೆ ಗೊತ್ತಿರಲಿಲ್ಲ. ಕೇಳಲಿಲ್ಲ. ಬೇಡ ಎಂದು ನಾನೇ ಬರೆದುಕೊಂಡು ಮುಂದೆ ಹೋದೆ. ಮುಂದೆ ನನ್ನ ಸರದಿಯೂ ಬಂತು. ಅಂದು ತಟ್ಟೆ ಹಿಡಿದ ಹುಡುಗಿ ನನ್ನನ್ನು ಎಷ್ಟು ಸಲೀಸಾಗಿ ದಾಟಿದಳೆಂದರೆ, ಅವಳಿಗೆ ಅದನ್ನು ಯಾರು ಕಲಿಸಿದರೆಂದು ನಾನು ಕೇಳುವ ಹಾಗಿರಲಿಲ್ಲ.

"ಹೊಸದಾಗಿ ಕೇಳುವಾ" ಎಂದಳು ರುಚಿತಾ. "ಒಂದೊಂದು ಮನೆ ಹಿಡಿದು, ಈ ಮನೆಯ ನಂಬರಿನ ಲಕೋ‍ಟೆ ಒಂದಾದರೂ ಕಣ್ಣಿಗೆ ಕಾಣುತ್ತದಾ, ಕಾಣದಿದ್ದರೆ ಹೆಸರು ಬರೆ, ಅಂತ. ನಂಬರಿಲ್ಲದ ಲಕೋಟೆ ಅಡ್ಡ ಬರೋದಿಲ್ಲ."

"ಒಂದೊಂದು ಮನಿ ಅಂದ್ರ ಮತ್ತ ಉಗ್ರಾಣಕ್ಕ ಓಡೋದಾತಲ್ರಿ?" ರಾಚಪ್ಪನವರು ಕಲಿತದ್ದನ್ನು ಮರೆತಿರಲಿಲ್ಲ.

"ನಾವು ಹಾಗೆ ಕೇಳಿದರೂ ಪ್ಲಾನರ್ ಅದನ್ನು ಒಂದೇ ಓಟ ಮಾಡಿಕೊಳ್ಳುತ್ತೆ ಕಾಕಾ. ಪ್ರಶ್ನೆ ಬರೋಬರ್ ಇದ್ದರೆ ಸಾಕು."

ರಾಚಪ್ಪನವರೇ ಬರೆದರು. ಅವಳು ತಿದ್ದಿದಳು. ಒಂದು ಸೆಕೆಂಡೂ ಆಗಲಿಲ್ಲ. ನೂರ ಇಪ್ಪತ್ತಾರು ಹೆಸರು.

ಅವರು ಎದ್ದು ನಿಂತು ಸಭೆಗೆ ಓದತೊಡಗಿದರು. ಮೊದಲು ದೇವದಾಸರ ಹೆಸರು ಬಂತು, ಸಭೆ ನಕ್ಕಿತು. ದೇವದಾಸರು ಎರಡು ಕೈ ಎತ್ತಿ ನಮಸ್ಕರಿಸಿ, "ಗದಗ ಜಿಂದಾಬಾದ್" ಎಂದರು. ಶ್ರೀನಿಧಿ ತನ್ನ ಹೆಸರು ಕೇಳಿದ ಮೇಲೆ ಕುರ್ಚಿ ಎಳೆದು ಕುಳಿತ. ಹತ್ತು, ಹದಿನೈದು, ಇಪ್ಪತ್ತು. ಮುಂದೆ ಹೋದಂತೆ ರಾಚಪ್ಪನವರ ದನಿ ಇಳಿಯಿತು. ಪೂರ್ತಿ ಓದಲಿಲ್ಲ. ಕನ್ನಡಕ ತೆಗೆದು ಗೋದಾವರಿಗೆ ಕೊಟ್ಟು, ಬಂದು ನನ್ನ ಪಕ್ಕ ಕುಳಿತರು.

"ಅಮ್ಮಾರ, ಇದರಾಗ ಅರ್ಧಕ್ಕರ್ಧ..."

"ಹೌದು."

"ಈ ಊರಾಗ ನಮ್ಮವ್ವ ಇದ್ದಿದ್ರ ಆಕೀನೂ ಇದರಾಗ ಇರ್ತಿದ್ಲು. ನಮ್ಮಪ್ಪ ಹೋದಮ್ಯಾಲೆ ಇಪ್ಪತ್ತ ವರ್ಷ ಒಬ್ಬಾಕೀನ ಇದ್ಲು." ಕನ್ನಡಕದ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದರು. "ನಾ ತಗದದ್ದಲ್ರಿ ಅಮ್ಮಾರ. ಆದ್ರ ಬಿದ್ದದ್ದೂ ಕಾಣಲಿಲ್ಲ ನನಗ."

ಅಂದೇ ಎಲ್ಲರೂ ಕೂತು ಲಕೋಟೆ ಬರೆದರು. ಅಧ್ಯಕ್ಷರು ತಮ್ಮ ಲಕೋಟೆಯನ್ನು ತಾವೇ ಅಂಟಿಸಿಕೊಂಡು, ಅಂಚೆಯಲ್ಲೇ ಬರಬೇಕು, ಪಕ್ಕದ ಮನೆಯವರು ನೋಡಬೇಕು ಎಂದು ಗಂಟಿಗೆ ಸೇರಿಸಿದರು. ಬಾಯಿಯ ಲಕೋಟೆಯನ್ನು ರಾಚಪ್ಪನವರು ಅಂಟಿಸಲಿಲ್ಲ. ತೆರೆದೇ ಇದ್ದುದನ್ನು ನನ್ನ ಮುಂದೆ ತಂದಿಟ್ಟರು.

"ಕಾಗದ ಇಡ್ತೀನಿ ಅಂದಿದ್ರಿ. ಇದು ಸಾದಾ ಅಂಚ್ಯಾಗ ಬ್ಯಾಡ, ಸ್ಪೀಡ್ ಪೋಸ್ಟ್ ಮಾಡೋಣ. ನಾಳೆ ಹನ್ನೊಂದಕ್ಕ ಅಂಚಿ ಕಚೇರಿಗೇ ಬರ್ರಿ."

ಮರುದಿನ ಹತ್ತೂವರೆಗೆ ನಾನು ಮೂಲೆಯ ಮೇಜಿನಲ್ಲಿ ಕುಳಿತೆ. ಅಡಗಲು ಬೇರೆ ಜಾಗ ಉಳಿದಿರಲಿಲ್ಲ. ಹೀಗೆ ಬರೆದೆ:

'ಪೂಜ್ಯ ಬಾಯಿಯವರಿಗೆ, ಕಾರ್ಡಿನಲ್ಲಿರುವ ಕಮಲಾಬಾಯಿ ನೀವೇ, ಬೇರೆ ಯಾರೂ ಅಲ್ಲ. ಕಾರ್ಡು ತಡವಾದದ್ದು ಕಂಪ್ಯೂಟರಿನಿಂದ ಎಂದು ಕೆಲವರು, ರಾಚಪ್ಪನವರಿಂದ ಎಂದು ಕೆಲವರು ಹೇಳುತ್ತಾರೆ. ಆದರೆ ಹನ್ನೊಂದು ವರ್ಷದ ಹಿಂದೆ ಕುಂಕುಮದ ತಟ್ಟೆ ಹಿಡಿದವಳು ನಾನು. ನಿಮ್ಮನ್ನು ದಾಟಿದವಳೂ ನಾನೇ. ನೀವು ನೋಡಿದಿರಿ. ನೀವು ನೋಡಿದ್ದು ನನಗೂ ಕಂಡಿತು. ಆದರೂ ತಟ್ಟೆ ಹಿಂದಕ್ಕೆ ತರಲಿಲ್ಲ. ತಪ್ಪಾಯಿತು. ದೀಪ ಹಚ್ಚುವುದಕ್ಕೆ ಬನ್ನಿ. ಅದು ಬೇಡವೆಂದಾದರೆ ಸುಮ್ಮನೆ ನಮ್ಮ ಮನೆಗೆ ಬನ್ನಿ. ಬಸ್ ಸ್ಟ್ಯಾಂಡಿಗೆ ನಾನೇ ಬಂದಿರುತ್ತೇನೆ.'

ಒಂದು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದಿದೆ. ಅವರು ಓದುವ ಕಾಗದ.

ಅಂಚೆ ಕಚೇರಿಯಲ್ಲಿ ರಾಚಪ್ಪನವರು ನನಗಾಗಿ ಸಾಲು ಹಿಡಿದು ನಿಂತಿದ್ದರು. ತಪ್ಪು ಸಾಲು. ಅಲ್ಲಿಂದ ಬಿಡಿಸಿಕೊಂಡು ಸ್ಪೀಡ್ ಪೋಸ್ಟಿನ ಕಿಟಕಿಗೆ ಬಂದೆವು. ಗುಮಾಸ್ತೆ ಲಕೋಟೆ ತೂಗಿ, ಹಿಂದು ಮುಂದು ನೋಡಿ, ಬೆರಳಿನಿಂದ ಕೆಳಗಿನ ಎಡಮೂಲೆ ಬಡಿದಳು.

"ಆಜೀ, ಪಾಠವಣಾರ್ಯಾಚಂ ನಾವ್?" ಕಳಿಸುವವರ ಹೆಸರು ಎಲ್ಲಿ ಎಂದಳು.

"ಬರೀರಿ, ಕಾರ್ಯದರ್ಶಿ, ಕನ್ನಡ ಬಳಗ" ಎಂದು ರಾಚಪ್ಪನವರು ಜೇಬಿನಿಂದ ರಬ್ಬರ್ ಮೊಹರು ತೆಗೆದರು.

ನಾನು ಅವರ ಕೈ ತಡೆದೆ. ಕಿಟಕಿಯ ದಾರಕ್ಕೆ ಕಟ್ಟಿದ್ದ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ 'ವಾರಿಜಾಕ್ಷಿ' ಎಂದು ಬರೆದೆ. ಹಿಂದಿನ ಸಾಲಿನವರು ಗೊಣಗಿದರು. ಅದರ ಕೆಳಗೆ, ಗುಮಾಸ್ತೆಗೆ ಗೊತ್ತಾಗಲಿ ಎಂದು, ಮರಾಠಿಯಲ್ಲಿ ಇನ್ನೊಮ್ಮೆ ಬರೆದೆ.

ಅವಳು ಓದಿದಳು, ಲಕೋಟೆಯ ಮೇಲೆ ಮೊಹರು ಕುಟ್ಟಿದಳು, ತಿರುಗಿ ನೋಡದೆ ಹಿಂದಿನ ಚೀಲಕ್ಕೆ ಎಸೆದಳು.